ಓಲೆಗರಿಯಿಂದ ವಿದ್ಯಾಪೀಠಕ್ಕೆ: ಡಾ॥ ಆ. ನೇ. ಉಪಾಧ್ಯೆಯವರ ಸಂಶೋಧನಪಥ

ಜಿನಬಿಂಬದ ಪ್ರತಿಷ್ಠೆ ನೆರವೇರುವ ಪುಣ್ಯಸಂದರ್ಭದಲ್ಲಿ ದೇವ, ಶಾಸ್ತ್ರ, ಗುರು ಈ ಮೂರನ್ನೂ ಒಟ್ಟಿಗೆ ಸ್ಮರಿಸುವುದು ಜೈನಪರಂಪರೆಯ ರೂಢಿ. ಆಹಾರದಾನ, ಅಭಯದಾನ, ಔಷಧದಾನಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಇರಿಸಿ ಚತುರ್ವಿಧ ದಾನಗಳೆಂದು ಎಣಿಸಿದ ಧರ್ಮವಿದು. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಕನ್ನಡನಾಡಿನ ಶ್ರಾವಕರ ಮನೆಮಾತು. ಬಸದಿಯ ಕಲ್ಲು ಎಷ್ಟು ಪವಿತ್ರವೋ ಗ್ರಂಥದ ಗರಿಯೂ ಅಷ್ಟೇ ಪವಿತ್ರವೆಂಬ ಭಾವನೆ ಆ ಕಾರ್ಯದ ಹಿಂದೆ ಇತ್ತು.

ಆದರೆ ಕಾಲಕ್ರಮದಲ್ಲಿ ಒಂದು ವಿಪರ್ಯಾಸ ಒದಗಿತು. ಬಸದಿ ಮಠಗಳ ಭಂಡಾರಗಳಲ್ಲಿ ಓಲೆಗರಿಯ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಭದ್ರವಾಗಿ ಉಳಿದವು; ಶ್ರುತಪಂಚಮಿಯ ದಿನ ಅವುಗಳಿಗೆ ಪೂಜೆಯೂ ಸಲ್ಲುತ್ತ ಬಂದಿತು. ಓದುವವರ ಸಂಖ್ಯೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿತು. ಪ್ರಾಕೃತ ಬಲ್ಲವರಿಗೆ ಹಳಗನ್ನಡ ಲಿಪಿ ತಿಳಿಯದು. ಲಿಪಿ ತಿಳಿದವರಿಗೆ ಪ್ರಾಕೃತ ಅರ್ಥವಾಗದು. ಪೂಜಿಸಲ್ಪಡುವ ಗ್ರಂಥವು ಓದಲ್ಪಡದೆ ಹೋದರೆ ಶಾಸ್ತ್ರದಾನದ ಅರ್ಥವೇನು ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೈನಸಮಾಜದ ಮುಂದೆ ನಿಂತಿತು. ಆ ಪ್ರಶ್ನೆಗೆ ತಮ್ಮ ಇಡೀ ಜೀವಮಾನದಿಂದ ಉತ್ತರ ಕೊಟ್ಟ ಕೆಲವೇ ವಿದ್ವಾಂಸರಲ್ಲಿ ಡಾ॥ ಆದಿನಾಥ ನೇಮಿನಾಥ ಉಪಾಧ್ಯೆಯವರು ಅಗ್ರಗಣ್ಯರು. ಅವರು ಮುನಿಗಳಲ್ಲ, ಭಟ್ಟಾರಕರಲ್ಲ, ಸಾಂಪ್ರದಾಯಿಕ ಶಾಸ್ತ್ರಿಗಳೂ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರು. ಪಾಠ ಹೇಳುವ ವೃತ್ತಿಯೇ ಅವರನ್ನು ಧರ್ಮಗ್ರಂಥಗಳ ಸಂಶೋಧನೆಗೂ, ಆ ಸಂಶೋಧನೆಯು ಮುಂದೆ ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರದ ಪ್ರಾಧ್ಯಾಪಕಪೀಠಕ್ಕೂ ಕರೆದೊಯ್ದ ಬಗೆ ಮನನೀಯವಾದುದು.

ಸದಲಗೆಯ ಮನೆ

ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ 1906ರ ಫೆಬ್ರವರಿ 6ರಂದು ಆದಿನಾಥರು ಜನಿಸಿದರು. ಮುಂದೆ 1946ರಲ್ಲಿ ಆಚಾರ್ಯ ವಿದ್ಯಾಸಾಗರರಿಗೆ ಜನ್ಮವಿತ್ತ ಊರೂ ಇದೇ. ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಕೇಳಿಬರುವ ಆ ಸೀಮೆಯಲ್ಲಿ ಉಪಾಧ್ಯೆ ಎಂಬುದು ಬಸದಿಯ ಪೂಜಾಕಾರ್ಯವನ್ನು ನಡೆಸಿಕೊಂಡು ಬಂದ ಮನೆತನಗಳ ಹೆಸರು. ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯವರಾದ ಉಪಾಧ್ಯಾಯರ ನೆನಪು ಆ ಹೆಸರಿನಲ್ಲಿ ಅಡಗಿದೆ. ಸ್ವತಃ ಓದಿ ಇತರರಿಗೆ ಓದಿಸುವುದು ಉಪಾಧ್ಯಾಯ ಪರಮೇಷ್ಠಿಯ ಲಕ್ಷಣ. ಮನೆತನದ ಹೆಸರು ಆದಿನಾಥರ ಬಾಳಿನಲ್ಲಿ ಹೊಸ ರೀತಿಯಿಂದ ಸಾರ್ಥಕವಾಗಲಿತ್ತು.

ಆ ಪ್ರದೇಶದ ಜೈನರಲ್ಲಿ ಬಹುಮಂದಿ ಒಕ್ಕಲುತನವನ್ನು ನೆಚ್ಚಿದವರು. ಅವರಲ್ಲಿ ಆಧುನಿಕ ವಿದ್ಯಾಭ್ಯಾಸವನ್ನು ಹರಡಬೇಕೆಂಬ ಸಂಕಲ್ಪದಿಂದ 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಗೊಂಡಿತು. ಕೊಲ್ಲಾಪುರದಲ್ಲಿ ರಾಜರ್ಷಿ ಶಾಹೂ ಮಹಾರಾಜರ ಆಶ್ರಯದಲ್ಲಿ 1901ರಲ್ಲಿ ದಿಗಂಬರ ಜೈನ ಬೋರ್ಡಿಂಗು ತಲೆಯೆತ್ತಿತು. ಹಳ್ಳಿಯ ಹುಡುಗನೊಬ್ಬ ಪಟ್ಟಣಕ್ಕೆ ಹೋಗಿ ಹೈಸ್ಕೂಲು, ಕಾಲೇಜು ಓದಬಹುದೆಂಬ ಧೈರ್ಯ ಜೈನ ಕುಟುಂಬಗಳಲ್ಲಿ ಮೂಡಿದ ಕಾಲವದು. ಆದಿನಾಥರ ಪ್ರಾಥಮಿಕ ಶಿಕ್ಷಣ ಸದಲಗೆಯಲ್ಲಿಯೂ, ಪ್ರೌಢಶಿಕ್ಷಣ ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲಿನಲ್ಲಿಯೂ ನಡೆಯಿತು. ಬಳಿಕ ಅವರು ಉಚ್ಚಶಿಕ್ಷಣಕ್ಕೆ ತೆರಳಿ, ಸಂಸ್ಕೃತ ಪ್ರಾಕೃತಗಳನ್ನು ವಿಶೇಷವಾಗಿ ಅಭ್ಯಸಿಸಿ 1930ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದರು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಸಂಪರ್ಕವೂ ಡಾ॥ ಪಿ. ಎಲ್. ವೈದ್ಯರಂತಹ ಪ್ರಾಕೃತ ವಿದ್ವಾಂಸರ ಮಾರ್ಗದರ್ಶನವೂ ಅವರಿಗೆ ದೊರೆತವು. ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಶಾಸ್ತ್ರೀಯ ವಿಧಾನ ಅವರಿಗೆ ಕರಗತವಾದುದು ಈ ಹಂತದಲ್ಲಿಯೇ.

ಅಧ್ಯಾಪಕನ ಮೇಜು

ಎಂ.ಎ. ಆದ ವರ್ಷವೇ, ಇಪ್ಪತ್ತನಾಲ್ಕರ ಹರೆಯದಲ್ಲಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಅವರು ನಿಯುಕ್ತರಾದರು. 1962ರಲ್ಲಿ ನಿವೃತ್ತರಾಗುವವರೆಗೆ, ಮೂವತ್ತೆರಡು ವರ್ಷಗಳ ಕಾಲ, ಅದೇ ಅವರ ಕರ್ಮಭೂಮಿ. ಅರ್ಧಮಾಗಧಿಯು ಭಗವಾನ್ ಮಹಾವೀರರ ಉಪದೇಶದ ಭಾಷೆಯೆಂದು ಜೈನಪರಂಪರೆ ಗೌರವಿಸುತ್ತದೆ. ಶ್ವೇತಾಂಬರ ಆಗಮಗಳ ಭಾಷೆಯೂ ಅದೇ. ದಿಗಂಬರ ಆಚಾರ್ಯರ ಪ್ರಾಚೀನ ಕೃತಿಗಳಾದರೋ ಶೌರಸೇನಿಗೆ ಸಮೀಪವಾದ ಪ್ರಾಕೃತದಲ್ಲಿವೆ. ಅಧ್ಯಾಪಕರ ಹುದ್ದೆಯ ಹೆಸರು ಅರ್ಧಮಾಗಧಿಯೆಂದಿದ್ದರೂ ಉಪಾಧ್ಯೆಯವರ ಅಭ್ಯಾಸವು ಮಾಹಾರಾಷ್ಟ್ರೀ, ಶೌರಸೇನಿ, ಅಪಭ್ರಂಶಗಳೆಲ್ಲವನ್ನೂ ಒಳಗೊಂಡಿತು.

ಸಂಸ್ಕೃತದ ಅಧ್ಯಾಪಕನಿಗೆ ಶತಮಾನಗಳ ವ್ಯಾಖ್ಯಾನಪರಂಪರೆಯೂ ಅಚ್ಚಾದ ಗ್ರಂಥಗಳೂ ಸಿದ್ಧವಾಗಿದ್ದವು. ಪ್ರಾಕೃತದ ಅಧ್ಯಾಪಕನ ಸ್ಥಿತಿ ಹಾಗಿರಲಿಲ್ಲ. ಅಚ್ಚಾದ ಗ್ರಂಥಗಳು ಕಡಮೆ. ಅಚ್ಚಾದವುಗಳಲ್ಲಿಯೂ ಹಲವು ಒಂದೇ ಹಸ್ತಪ್ರತಿಯನ್ನು ಆಧರಿಸಿ, ತಪ್ಪುಗಳೊಡನೆಯೇ ಹೊರಬಂದವು. ಇಂತಹ ಪಾಠವನ್ನು ಹಿಡಿದು ವಿದ್ಯಾರ್ಥಿಗೆ ಅರ್ಥ ಹೇಳಹೊರಟರೆ ಹೆಜ್ಜೆಹೆಜ್ಜೆಗೂ ಸಂದೇಹ. ಗಾಥೆಯ ಪದ ಮೂಲದಲ್ಲಿಯೇ ಹೀಗಿದೆಯೋ, ಲಿಪಿಕಾರನ ಕೈತಪ್ಪೋ, ಅಚ್ಚಿನ ದೋಷವೋ? ತರಗತಿಯಲ್ಲಿ ಏಳುವ ಈ ಪ್ರಶ್ನೆಗೆ ಭಂಡಾರದ ಓಲೆಗರಿಯಲ್ಲಿ ಮಾತ್ರ ಉತ್ತರವಿತ್ತು. ಹೀಗೆ ಅಧ್ಯಾಪನವೇ ಗ್ರಂಥಸಂಪಾದನೆಯನ್ನು ಅನಿವಾರ್ಯಗೊಳಿಸಿತು. ಪಾಠ ಹೇಳುವವನು ಪಾಠವನ್ನು ಮೊದಲು ಶೋಧಿಸಬೇಕಾಯಿತು.

1933ರಲ್ಲಿಯೇ ಮುಂಬಯಿ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಅವರು ಯಾಪನೀಯ ಸಂಘವನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಕನ್ನಡನಾಡಿನಲ್ಲಿ ಶತಮಾನಗಳ ಕಾಲ ಬಾಳಿ, ಕದಂಬರೇ ಮೊದಲಾದ ಅರಸರಿಂದ ದಾನದತ್ತಿಗಳನ್ನು ಪಡೆದು, ಕೊನೆಗೆ ಹೆಸರುಮಾತ್ರವಾಗಿ ಉಳಿದ ಸಂಘವದು. ಆ ಸಂಘದ ಮುನಿಗಳು ದಿಗಂಬರರಂತೆ ನಿರ್ಗ್ರಂಥರಾಗಿದ್ದರೂ ಸ್ತ್ರೀಮುಕ್ತಿಯೇ ಮೊದಲಾದ ಕೆಲವು ವಿಷಯಗಳಲ್ಲಿ ಶ್ವೇತಾಂಬರರೊಡನೆ ಸಹಮತ ಉಳ್ಳವರು. ಎರಡು ಪಂಥಗಳ ನಡುವೆ ನಿಂತಿದ್ದ ಈ ಮರೆತ ಬಂಧುಗಳನ್ನು ಶಾಸನ ಮತ್ತು ಗ್ರಂಥಗಳ ಆಧಾರದಿಂದ ಮತ್ತೆ ಬೆಳಕಿಗೆ ತರುವಾಗ ಉಪಾಧ್ಯೆಯವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಇದ್ದುದನ್ನು ಇದ್ದಂತೆ ಇರಿಸುವ ಈ ಮನೋಧರ್ಮವೇ ಮುಂದಿನ ನಾಲ್ಕು ದಶಕಗಳ ಅವರ ಬರವಣಿಗೆಯ ಆಧಾರಸ್ತಂಭವಾಯಿತು.

ಪ್ರವಚನಸಾರ ಮತ್ತು ಡಾಕ್ಟರೇಟು

ಅವರ ಡಾಕ್ಟರೇಟಿಗೆ ಕಾರಣವಾದ ಗ್ರಂಥ ಕುಂದಕುಂದಾಚಾರ್ಯರ ಪ್ರವಚನಸಾರ. ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ 1935ರಲ್ಲಿ ಅದು ಪ್ರಕಟವಾಯಿತು. ಮೂಲಗಾಥೆಗಳು, ಅಮೃತಚಂದ್ರ ಮತ್ತು ಜಯಸೇನರ ಸಂಸ್ಕೃತ ಟೀಕೆಗಳು, ಪಾಂಡೆ ಹೇಮರಾಜರ ಹಿಂದೀ ಟೀಕೆ, ಇಂಗ್ಲಿಷ್ ಅನುವಾದ, ಇವೆಲ್ಲಕ್ಕೂ ಮುನ್ನ ನೂರಕ್ಕೂ ಮಿಕ್ಕ ಪುಟಗಳ ಪೀಠಿಕೆ ಆ ಸಂಪುಟದಲ್ಲಿವೆ. ಈ ಕೃತಿಗಾಗಿ ಮುಂಬಯಿ ವಿಶ್ವವಿದ್ಯಾನಿಲಯವು 1939ರಲ್ಲಿ ಅವರಿಗೆ ಡಿ.ಲಿಟ್. ಪದವಿಯನ್ನು ನೀಡಿತು. ಆಗ ಅವರಿಗೆ ಮೂವತ್ತಮೂರು ವರ್ಷ. ಅಧ್ಯಾಪನವನ್ನು ಬಿಡದೆ, ಪಾಠಪ್ರವಚನಗಳ ನಡುವೆಯೇ ಸಾಧಿಸಿದ ಪದವಿಯಿದು.

ಸಂಪಾದಕನ ಕಾರ್ಯ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಪ್ರವಚನಸಾರದ ಗಾಥಾಸಂಖ್ಯೆಯೇ ನಿದರ್ಶನ. ಅಮೃತಚಂದ್ರರು ಟೀಕೆ ಬರೆದ ಪಾಠದಲ್ಲಿ ಜ್ಞಾನಾಧಿಕಾರದ 92, ಜ್ಞೇಯಾಧಿಕಾರದ 108, ಚಾರಿತ್ರಾಧಿಕಾರದ 75, ಒಟ್ಟು 275 ಗಾಥೆಗಳಿವೆ. ಜಯಸೇನರ ಪಾಠದಲ್ಲಿ ಅನುಕ್ರಮವಾಗಿ 101, 113, 97, ಒಟ್ಟು 311 ಗಾಥೆಗಳಿವೆ. ಹೀಗೆ 36 ಗಾಥೆಗಳ ಅಂತರ. ಅಧಿಕವಾಗಿರುವ ಗಾಥೆಗಳಲ್ಲಿ ಕೆಲವು ಸ್ತುತಿರೂಪವಾದವು. ಕೆಲವು ಸ್ತ್ರೀಮುಕ್ತಿಯಂತಹ ವಾದಗ್ರಸ್ತ ವಿಷಯಕ್ಕೆ ಸಂಬಂಧಿಸಿದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ಶ್ರದ್ಧಾಳುವಿಗೂ ಸುಲಭ, ಸಂದೇಹವಾದಿಗೂ ಸುಲಭ. ಉಪಾಧ್ಯೆಯವರು ಎರಡು ಪಾಠಗಳನ್ನೂ ಓದುಗರ ಮುಂದಿರಿಸಿ, ಅಂತರವನ್ನು ಎಣಿಸಿ ತೋರಿಸಿ, ಅದರ ಸಂಭವನೀಯ ಕಾರಣಗಳನ್ನು ಚರ್ಚಿಸಿದರು. ಗ್ರಂಥವನ್ನು ತಿದ್ದುವ ಅಧಿಕಾರ ಸಂಪಾದಕನಿಗಿಲ್ಲ. ಗ್ರಂಥದ ಇತಿಹಾಸವನ್ನು ಮುಚ್ಚಿಡುವ ಅಧಿಕಾರವೂ ಅವನಿಗಿಲ್ಲ ಎಂಬ ನೀತಿ ಇಲ್ಲಿ ಕಾರ್ಯರೂಪಕ್ಕೆ ಬಂದಿದೆ.

ಪೀಠಿಕೆಯಲ್ಲಿ ಕುಂದಕುಂದರ ಕಾಲ, ನಾಮಾಂತರಗಳು, ಕೃತಿಗಳು, ತತ್ತ್ವವಿಚಾರ, ಭಾಷೆ ಇವೆಲ್ಲ ಪರಿಶೀಲನೆಗೆ ಒಳಪಟ್ಟಿವೆ. ಪರಂಪರೆಯು ಆ ಆಚಾರ್ಯರಿಗೆ ಐದು ಹೆಸರುಗಳನ್ನು ಹೇಳುತ್ತದೆ. ಶಾಸನಗಳ ಸಾಕ್ಷ್ಯದ ಮುಂದೆ ಆ ಐದನ್ನೂ ಒಂದೊಂದಾಗಿ ಒರೆಗೆ ಹಚ್ಚಿ, ಪದ್ಮನಂದಿ ಎಂಬುದು ಅವರ ದೀಕ್ಷಾನಾಮವೆಂದೂ, ಕುಂದಕುಂದ ಎಂಬುದು ಊರಿನಿಂದ ಬಂದ ಹೆಸರೆಂದೂ, ಉಳಿದವುಗಳಿಗೆಲ್ಲ ಅಷ್ಟೇ ಬಲವಾದ ಆಧಾರವಿಲ್ಲವೆಂದೂ ಅವರು ವಿವೇಚಿಸಿದರು. ನಾನಾ ಮತಗಳನ್ನು ತೂಗಿನೋಡಿ ಕುಂದಕುಂದರ ಕಾಲವು ಕ್ರಿಸ್ತಶಕದ ಆರಂಭದ ಸುಮಾರಿನದೆಂಬ ಅಭಿಪ್ರಾಯಕ್ಕೆ ಬಂದರು. ಇದನ್ನು ಒಪ್ಪದ ವಿದ್ವಾಂಸರು ಮುಂದೆ ಬಂದಿದ್ದಾರೆ. ಆಚಾರ್ಯರ ಕಾಲವನ್ನು ಶತಮಾನಗಳಷ್ಟು ಈಚೆಗೆ ತರುವವರೂ ಉಂಟು. ಆದರೆ ಅಂತಹ ಚರ್ಚೆಯೆಲ್ಲವೂ ಉಪಾಧ್ಯೆಯವರು ಒಟ್ಟುಗೂಡಿಸಿದ ಸಾಮಗ್ರಿಯಿಂದಲೇ ಹೊರಡಬೇಕಾಗಿದೆ.

ಧರ್ಮಗ್ರಂಥವನ್ನು ಹೀಗೆ ಪ್ರಶ್ನಿಸುತ್ತ ಓದುವುದು ಶ್ರದ್ಧೆಗೆ ಹಾನಿಯಲ್ಲವೇ ಎಂಬ ಅಳುಕು ಆ ಕಾಲದಲ್ಲಿ ಹಲವರಿಗೆ ಇದ್ದಿತು. ಅದು ನಿಷ್ಕಾರಣವಾದುದೂ ಅಲ್ಲ. ಕಾಲ, ಕರ್ತೃ, ಪಾಠಾಂತರ ಎಂದು ಕೆದಕುತ್ತ ಹೋದವನಿಗೆ ಗ್ರಂಥದ ಸಾರವೇ ಕೈತಪ್ಪುವ ಅಪಾಯ ಉಂಟು. ಆದರೆ ಪ್ರವಚನಸಾರದ ಪೀಠಿಕೆಯನ್ನು ಓದಿದವರಿಗೆ ತೋರುವುದು ಬೇರೆ. ಶುದ್ಧೋಪಯೋಗದ ವಿವೇಚನೆಯಲ್ಲಿ ಸಂಪಾದಕರು ತೋರಿದ ತನ್ಮಯತೆ, ಗಾಥಾಸಂಖ್ಯೆಯ ಲೆಕ್ಕದಲ್ಲಿ ತೋರಿದ ನಿಷ್ಠುರತೆ ಎರಡೂ ಒಂದೇ ಮನಸ್ಸಿನಿಂದ ಬಂದವು. ಸತ್ಯವ್ರತವು ಮಾತಿಗೆ ಅನ್ವಯಿಸುವಂತೆ ಪಾಠಕ್ಕೂ ಅನ್ವಯಿಸುತ್ತದೆಂದು ತಿಳಿದವರ ಬರವಣಿಗೆಯದು.

ಕೊಪ್ಪಳದ ಪಾದಗಳು

1938ರಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾದ ವರಾಂಗಚರಿತವು ಕನ್ನಡಿಗರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಸಂಸ್ಕೃತದ 31 ಸರ್ಗಗಳ ಈ ಮಹಾಕಾವ್ಯದ ಹೆಸರು ಹಳೆಯ ಗ್ರಂಥಗಳಲ್ಲಿ ಕೇಳಿಬರುತ್ತಿದ್ದರೂ ಕೃತಿ ಕಣ್ಣಿಗೆ ಬಿದ್ದಿರಲಿಲ್ಲ. ಪದ್ಮಚರಿತದ ಕರ್ತೃವಾದ ರವಿಷೇಣಾಚಾರ್ಯರೇ ಇದನ್ನೂ ಬರೆದಿರಬೇಕೆಂದು ಕೆಲವರು ಊಹಿಸಿದ್ದರು. ಕೊಲ್ಲಾಪುರದ ಲಕ್ಷ್ಮೀಸೇನ ಮಠದ ಓಲೆಗರಿಯ ಪ್ರತಿಯ ನೆರವಿನಿಂದ ಉಪಾಧ್ಯೆಯವರು ಕಾವ್ಯವನ್ನು ಹೊರತಂದು, ಅದರ ಕರ್ತೃ ಜಟಾಸಿಂಹನಂದಿ ಆಚಾರ್ಯರೆಂದು ಸ್ಥಾಪಿಸಿದರು. ಪಂಪ, ಚಾವುಂಡರಾಯ, ನಯಸೇನ, ಜನ್ನ ಮೊದಲಾದ ಕನ್ನಡ ಕವಿಗಳು ಗೌರವದಿಂದ ನೆನೆದ ಜಟಾಚಾರ್ಯರು ಇವರೇ. ಕೊಪ್ಪಳದ ಬೆಟ್ಟದ ಬಂಡೆಯ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಕೆತ್ತಿಸಿದ ಚಾವಯ್ಯನೆಂಬ ಭಕ್ತನ ಸಣ್ಣ ಶಾಸನವೊಂದಿದೆ. ಮಠದ ಓಲೆಗರಿ, ಕವಿಗಳ ಸ್ತುತಿ, ಬಂಡೆಯ ಮೇಲಿನ ಪಾದ ಎಲ್ಲವೂ ಒಂದೇ ಎಳೆಯಲ್ಲಿ ಕೂಡಿಕೊಂಡವು.

ಅಪಭ್ರಂಶದ ಯೋಗೀಂದುದೇವರ ಪರಮಾತ್ಮಪ್ರಕಾಶ 1937ರಲ್ಲಿ, ಹರಿಷೇಣರ ಬೃಹತ್ಕಥಾಕೋಶ 1943ರಲ್ಲಿ, ಕೋಊಹಲ ಕವಿಯ ಲೀಲಾವಈ 1949ರಲ್ಲಿ ಅವರ ಸಂಪಾದಕತ್ವದಲ್ಲಿ ಹೊರಬಂದವು. ಯತಿವೃಷಭರ ತಿಲೋಯಪಣ್ಣತ್ತಿಯ ಎರಡು ಭಾಗಗಳನ್ನು ಡಾ॥ ಹೀರಾಲಾಲ ಜೈನರೊಡಗೂಡಿ 1943 ಮತ್ತು 1951ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಈ ಪಟ್ಟಿಯಲ್ಲಿ ದಿಗಂಬರ ಕೃತಿಗಳೊಡನೆ ಜೈನೇತರ ಕೃತಿಯೂ ಇದೆ. ಸಿದ್ಧಾಂತಗ್ರಂಥಗಳ ಪಕ್ಕದಲ್ಲಿ ಶೃಂಗಾರಕಥೆಯೂ ಇದೆ. ಅಧ್ಯಾಪಕನ ಕಣ್ಣಿಗೆ ಇವೆಲ್ಲ ಒಂದೇ ವಿದ್ಯಾಪರಂಪರೆಯ ಅಂಗಗಳು.

ಮೂಡುಬಿದಿರೆಯ ಒಂದು ಪದ

ಶ್ರುತಭಂಡಾರದ ಬಾಗಿಲು ತೆರೆದುದರ ಮಹತ್ತ್ವವನ್ನು ತಿಳಿಯಲು ಮೂಡುಬಿದಿರೆಯ ಸಿದ್ಧಾಂತಬಸದಿಯ ವೃತ್ತಾಂತಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಪುಷ್ಪದಂತ ಭೂತಬಲಿ ಆಚಾರ್ಯರ ಷಟ್ಖಂಡಾಗಮ ಹಾಗೂ ಅದರ ಮೇಲೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ ರಚಿಸಿದ ಧವಲಾ ಟೀಕೆ ಶತಮಾನಗಳ ಕಾಲ ಅಲ್ಲಿಯ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ವಾಚನ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಆ ಕಾಗದದ ಪ್ರತಿಗಳಿಂದ ಮತ್ತೆ ಪ್ರತಿಗಳಾಗಿ ಉತ್ತರಭಾರತವನ್ನು ತಲುಪಿದವು. ಅವುಗಳ ಆಧಾರದ ಮೇಲೆ ಡಾ॥ ಹೀರಾಲಾಲ ಜೈನರು ಕೈಗೊಂಡ ಮುದ್ರಣವು 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಪೂರ್ಣಗೊಂಡಿತು. ಆ ಮಹಾಕಾರ್ಯದಲ್ಲಿ ಸಹಸಂಪಾದಕರಾಗಿ ನೆರವಾದವರಲ್ಲಿ ಉಪಾಧ್ಯೆಯವರೂ ಒಬ್ಬರು.

ಮೊದಲ ಸಂಪುಟದಲ್ಲಿ, ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಒಂದು ತೊಡಕು ಎದುರಾಯಿತು. ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಹೇಳುವ ಆ ಸೂತ್ರದಲ್ಲಿ 'ಸಂಜದ' ಎಂಬ ಪದ ಇರಬೇಕೆಂದು ಟೀಕೆಯ ಅರ್ಥಸಂಗತಿ ಸೂಚಿಸುತ್ತಿತ್ತು. ಕೈಯಲ್ಲಿದ್ದ ಕಾಗದದ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಸಂಪಾದಕರು ಪದವನ್ನು ಮೂಲದೊಳಕ್ಕೆ ಸೇರಿಸದೆ, ಅದು ಅಲ್ಲಿ ಬಿಟ್ಟುಹೋದಂತೆ ತೋರುತ್ತದೆಂದು ಟಿಪ್ಪಣಿಯಲ್ಲಿ ಸೂಚಿಸಿದರು. ಸಂಯಮವೆಂಬ ಉನ್ನತ ಗುಣಸ್ಥಾನಕ್ಕೆ ಸಂಬಂಧಿಸಿದ ಪದವಾದುದರಿಂದ ಪಂಡಿತವರ್ಗದಲ್ಲಿ ದೊಡ್ಡ ವಾದವೇ ಎದ್ದಿತು. ಬಳಿಕ ಮೂಡುಬಿದಿರೆಯ ತಾಡಪತ್ರದೊಡನೆ ಹೋಲಿಸಿ ನೋಡಿದಾಗ ಆ ಪದವು ಅಲ್ಲಿ ಸ್ಪಷ್ಟವಾಗಿ ದೊರೆಯಿತು. ಪ್ರತಿ ಮಾಡುವಾಗ ಬಿಟ್ಟುಹೋದ ಮೂರಕ್ಷರ ಅದು. ಅದರ ಅರ್ಥವನ್ನು ದಿಗಂಬರ ವಿದ್ವಾಂಸರು ಭಾವವೇದದ ದೃಷ್ಟಿಯಿಂದ ವಿವರಿಸುತ್ತಾರೆ. ಅರ್ಥವನ್ನು ಕುರಿತು ಚರ್ಚೆ ನಡೆಯಬಹುದು. ಪಾಠ ಯಾವುದೆಂಬುದರಲ್ಲಿ ಮಾತ್ರ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಭಂಡಾರದಲ್ಲಿ ಬರಿಯ ಪೂಜೆಗೊಳ್ಳುತ್ತಲೇ ಇದ್ದಿದ್ದರೆ ಆ ತಾಡಪತ್ರ ತನ್ನ ಸಾಕ್ಷ್ಯವನ್ನು ನುಡಿಯುತ್ತಲೇ ಇರಲಿಲ್ಲ.

ವಿಜಯಪುರಿಯ ಮಠ

ಉಪಾಧ್ಯೆಯವರ ಸಂಪಾದನಕಾರ್ಯದ ಕಳಶಪ್ರಾಯವಾದ ಕೃತಿ ಉದ್ಯೋತನಸೂರಿಯ ಕುವಲಯಮಾಲೆ. ಕ್ರಿ.ಶ. 779ರಲ್ಲಿ ಇಂದಿನ ರಾಜಸ್ಥಾನದ ಜಾಲೋರಿನಲ್ಲಿ ಪೂರ್ಣಗೊಂಡ ಈ ಪ್ರಾಕೃತ ಚಂಪೂ ಜೈಸಲ್ಮೇರಿನ ತಾಡಪತ್ರ ಹಾಗೂ ಪುಣೆಯ ಕಾಗದದ ಪ್ರತಿ ಇವೆರಡನ್ನು ಆಧರಿಸಿ ಮುನಿ ಜಿನವಿಜಯರ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಹೊರಬಂದಿತು. ಮೂಲಪಾಠವಿರುವ ಮೊದಲ ಭಾಗ 1959ರಲ್ಲಿ, ಪೀಠಿಕೆ ಟಿಪ್ಪಣಿಗಳ ಎರಡನೆಯ ಭಾಗ 1970ರಲ್ಲಿ. ಮೂವತ್ತು ವರ್ಷಗಳ ಹಿಂದೆ ವರಾಂಗಚರಿತದ ಕಾಲನಿರ್ಣಯಕ್ಕೆ ನೆರವಾಗಿದ್ದುದು ಕುವಲಯಮಾಲೆಯಲ್ಲಿ ಬರುವ ಜಡಿಲನ ಸ್ಮರಣೆ. ಸಾಕ್ಷಿ ಹೇಳಿದ ಗ್ರಂಥವನ್ನೇ ಕೊನೆಗೆ ಸಂಪಾದಿಸುವ ಯೋಗ ಅವರಿಗೆ ಒದಗಿತು.

ಧರ್ಮ ಮತ್ತು ವಿದ್ಯಾಭ್ಯಾಸಗಳ ಸಂಬಂಧವನ್ನು ಅರಸುವವರಿಗೆ ಈ ಕಥೆಯಲ್ಲಿ ಒಂದು ಅಮೂಲ್ಯ ಸನ್ನಿವೇಶವಿದೆ. ಕಥಾನಾಯಕನಾದ ರಾಜಕುಮಾರ ಕುವಲಯಚಂದ್ರನು ದಕ್ಷಿಣದ ವಿಜಯಪುರಿಗೆ ಬಂದು ಅಲ್ಲಿಯ ವಿದ್ಯಾರ್ಥಿಗಳ ಮಠವನ್ನು ಪ್ರವೇಶಿಸುತ್ತಾನೆ. ಲಾಟ, ಮಾಳವ, ಮಹಾರಾಷ್ಟ್ರ, ಸೌರಾಷ್ಟ್ರ ಮೊದಲಾದ ನಾಡುಗಳ ವಿದ್ಯಾರ್ಥಿಗಳೊಡನೆ ಕರ್ಣಾಟಕದ ವಿದ್ಯಾರ್ಥಿಗಳೂ ಅಲ್ಲಿದ್ದಾರೆ. ಒಂದು ಕಡೆ ವ್ಯಾಕರಣದ ಪಾಠ, ಇನ್ನೊಂದು ಕಡೆ ಬೌದ್ಧದರ್ಶನ, ಮತ್ತೊಂದು ಕಡೆ ಸಾಂಖ್ಯ, ವೈಶೇಷಿಕ, ಮೀಮಾಂಸೆ, ನ್ಯಾಯ, ಅನೇಕಾಂತವಾದಕ್ಕೂ ಅಲ್ಲಿ ಒಂದು ಸ್ಥಾನ, ಲೋಕಾಯತವೂ ವ್ಯಾಖ್ಯಾನಗೊಳ್ಳುತ್ತಿದೆ. ಬರೆದವರು ಶ್ವೇತಾಂಬರ ಮುನಿ. ಆದರೂ ತಮ್ಮ ದರ್ಶನವನ್ನು ಇತರ ದರ್ಶನಗಳ ಸಾಲಿನಲ್ಲಿ, ಒಂದೇ ಮಾಡಿನ ಕೆಳಗೆ ಕುಳ್ಳಿರಿಸಲು ಅವರು ಹಿಂಜರಿಯಲಿಲ್ಲ. ಅದೇ ಮಠದ ವಿದ್ಯಾರ್ಥಿಗಳ ಹರಟೆಯನ್ನೂ ಅನ್ನದ ಚಿಂತೆಯನ್ನೂ ನಗುತ್ತ ವರ್ಣಿಸಲೂ ಮರೆಯಲಿಲ್ಲ. ಅನ್ಯರ ಮತವನ್ನು ಅರಿತೇ ತನ್ನ ಮತವನ್ನು ಅರಿಯಬೇಕೆಂಬ ಅನೇಕಾಂತದ ತತ್ತ್ವಕ್ಕೆ ಎಂಟನೆಯ ಶತಮಾನದ ಈ ಪಾಠಶಾಲೆಯೇ ಒಂದು ಚಿತ್ರ.

ಮಾನಸಗಂಗೋತ್ರಿಯಲ್ಲಿ

ರಾಜಾರಾಮ ಕಾಲೇಜಿನಿಂದ ನಿವೃತ್ತರಾದ ಬಳಿಕ, 1962ರಲ್ಲಿಯೇ ಸ್ಥಾಪನೆಗೊಂಡ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಕಾರ್ಯದಲ್ಲಿ ಅವರು ಪಾಲ್ಗೊಂಡರು. 1941ರಲ್ಲಿ ಹೈದರಾಬಾದಿನ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತಿನಲ್ಲಿ ಪ್ರಾಕೃತ ಮತ್ತು ಜೈನಧರ್ಮ ವಿಭಾಗದ ಅಧ್ಯಕ್ಷರಾಗಿದ್ದವರು 1966ರಲ್ಲಿ ಅಲಿಗಢದ ಅಧಿವೇಶನಕ್ಕೆ ಪ್ರಧಾನ ಅಧ್ಯಕ್ಷರೇ ಆದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಕನ್ನಡನಾಡು ಅವರಿಗೆ ಒಪ್ಪಿಸಿತು. ಭಗವಾನ್ ಬಾಹುಬಲಿಯ ಮಹಾಮಸ್ತಕಾಭಿಷೇಕ ಜರುಗಿದ ವರ್ಷವೂ ಅದೇ. ಬಹುಪಾಲು ಇಂಗ್ಲಿಷಿನಲ್ಲಿ ಬರೆದ, ಮಹಾರಾಷ್ಟ್ರದಲ್ಲಿ ದುಡಿದ ವಿದ್ವಾಂಸರೊಬ್ಬರನ್ನು ಕನ್ನಡಿಗರು ತಮ್ಮವರೆಂದು ಗುರುತಿಸಿದ ಘಳಿಗೆಯದು.

ಅರುವತ್ತೈದರ ವಯಸ್ಸಿನಲ್ಲಿ ಅವರ ವೃತ್ತಿಜೀವನದ ಕೊನೆಯ ಅಧ್ಯಾಯ ತೆರೆಯಿತು. ಶ್ರೀ ದೇ. ಜವರೇಗೌಡರು ಕುಲಪತಿಗಳಾಗಿದ್ದಾಗ, 1971ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನ ವಿಭಾಗವು ಆರಂಭವಾದಾಗ ಅದರ ಪ್ರಥಮ ಪ್ರಾಧ್ಯಾಪಕರಾಗಿ ಅವರು ಮಾನಸಗಂಗೋತ್ರಿಗೆ ಬಂದರು. 1930ರಲ್ಲಿ ಒಂದು ಭಾಷೆಯ ಅಧ್ಯಾಪಕರಾಗಿ ಹೊರಟವರು ಆ ಭಾಷೆಯಲ್ಲಿ ಅಡಗಿದ್ದ ಧರ್ಮ, ದರ್ಶನ, ಇತಿಹಾಸಗಳೆಲ್ಲಕ್ಕೂ ವಿಶ್ವವಿದ್ಯಾನಿಲಯದಲ್ಲಿ ಒಂದು ಸ್ವತಂತ್ರ ಪೀಠವನ್ನು ರೂಢಿಸುವ ಹೊಣೆ ಹೊತ್ತರು. ಯಾವ ಜಾತಿಯ, ಯಾವ ಮತದ ವಿದ್ಯಾರ್ಥಿಯಾದರೂ ಬಂದು ಕುಳಿತು ಕುಂದಕುಂದರನ್ನು ಓದಬಹುದಾದ, ಪ್ರಶ್ನಿಸಬಹುದಾದ, ಪರೀಕ್ಷೆ ಬರೆಯಬಹುದಾದ ಸ್ಥಳ ಅದು. ವಿಜಯಪುರಿಯ ಮಠಕ್ಕೂ ಮಾನಸಗಂಗೋತ್ರಿಗೂ ಸುಮಾರು ಹನ್ನೆರಡು ಶತಮಾನಗಳ ಅಂತರವಿದ್ದರೂ ಆಶಯ ಒಂದೇ. ಆ ವಿಭಾಗದಲ್ಲಿ ಅವರಿಗೆ ಲಭಿಸಿದ್ದು ಕೆಲವೇ ವರ್ಷಗಳು. 1975ರ ಅಕ್ಟೋಬರ್ 8ರಂದು ಅವರು ಕೊಲ್ಲಾಪುರದಲ್ಲಿ ದೇಹವಿಟ್ಟರು.

ಉಳಿದ ಋಣ

ಉಪಾಧ್ಯೆಯವರ ಜೀವನವು ಅಧ್ಯಾಪಕವರ್ಗಕ್ಕೆ ನೀಡುವ ಪಾಠ ಸರಳವಾದುದು. ಡಾಕ್ಟರೇಟು ಅವರಿಗೆ ವೃತ್ತಿಯಲ್ಲಿ ಮೇಲೇರುವ ಮೆಟ್ಟಿಲಾಗಿರಲಿಲ್ಲ. ಪದವಿ ಬಂದ ಮೇಲೆಯೂ ಇಪ್ಪತ್ತಮೂರು ವರ್ಷ ಅದೇ ಕಾಲೇಜಿನಲ್ಲಿ ಅದೇ ಭಾಷೆಯನ್ನು ಕಲಿಸಿದರು. ಅವರ ಗ್ರಂಥಗಳಲ್ಲಿ ಬಹುಪಾಲು ಹೊರಬಂದುದು ಪದವಿಯ ಬಳಿಕವೇ. ಕಲಿಸುವುದಕ್ಕಾಗಿ ಶೋಧಿಸಿದರು, ಶೋಧಿಸಿದುದನ್ನು ಕಲಿಸಿದರು. ಸಮಾಜಕ್ಕೆ ಅವರು ನೀಡುವ ಪಾಠ ಇನ್ನೂ ಗಹನವಾದುದು. ಶ್ರುತದ ಮೇಲಿನ ಭಕ್ತಿಯು ಗ್ರಂಥವನ್ನು ಮುಚ್ಚಿಡುವುದರಲ್ಲಿ ಇಲ್ಲ. ಅಕ್ಷರ ಅಕ್ಷರವನ್ನೂ ಪರಿಶೀಲಿಸಿ, ಇದ್ದುದನ್ನು ಇದ್ದಂತೆ ಮುಂದಿನವರ ಕೈಗೆ ಕೊಡುವುದರಲ್ಲಿದೆ.

2024ರ ಅಕ್ಟೋಬರಿನಲ್ಲಿ ಭಾರತ ಸರಕಾರವು ಪಾಲಿಯೊಡನೆ ಪ್ರಾಕೃತಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಘೋಷಿಸಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಘೋಷಣೆಯಿಂದ ಓಲೆಗರಿ ಓದಲ್ಪಡುವುದಿಲ್ಲ. ಅದನ್ನು ಬಿಚ್ಚಿ, ಎಣ್ಣೆ ಸವರಿ, ಬೆಳಕಿಗೆ ಹಿಡಿದು, ಅಕ್ಷರಗೂಡಿಸಿ ಓದುವ ಕಣ್ಣುಗಳು ಬೇಕು. ಹಳಗನ್ನಡ ಲಿಪಿಯನ್ನೂ ಪ್ರಾಕೃತ ವ್ಯಾಕರಣವನ್ನೂ ಒಟ್ಟಿಗೆ ಬಲ್ಲ ತರುಣರು ಕೈಬೆರಳೆಣಿಕೆಯಷ್ಟು ಮಾತ್ರ ಇರುವವರೆಗೆ ಸದಲಗೆಯ ಉಪಾಧ್ಯಾಯರ ಋಣ ತೀರಿತೆನ್ನುವಂತಿಲ್ಲ. ಒಂದು ಬಸದಿಯ ಪ್ರತಿಷ್ಠೆಯ ಸಂದರ್ಭದಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಾಕೃತಾಧ್ಯಯನಕ್ಕೆ ವೇತನದ ಏರ್ಪಾಡಾದರೂ, ಭಂಡಾರದ ಒಂದು ಕಟ್ಟು ಬಿಚ್ಚಿ ಅದರ ಹೆಸರು ಪಟ್ಟಿಯಲ್ಲಿ ಸೇರಿದರೂ, ಅದು ಶಾಸ್ತ್ರದಾನವೇ. ಅತ್ತಿಮಬ್ಬೆಯ ಕಾಲದಲ್ಲಿ ಬೇಕಾಗಿದ್ದುದು ಬರೆಯುವ ಕೈಗಳು. ಈ ಕಾಲದಲ್ಲಿ ಬೇಕಾಗಿರುವುದು ಓದುವವರು. ಬಿಂಬದ ಮುಂದೆ ದೀಪ ಬೆಳಗುವಾಗ ಆ ಬೆಳಕಿನ ಒಂದು ಕಿರಣ ಪಕ್ಕದ ಗ್ರಂಥಭಂಡಾರದ ಮೇಲೂ ಬೀಳಲಿ.